ಗಿಲೀಟಪ್ಪನ ಬಟ್ಟಲು

ಬೀದಿಯವರು ಅವನನ್ನು ಗಿಲೀಟಪ್ಪ ಎಂದೇ ಕರೆಯುತ್ತಿದ್ದರು. ತಾಮ್ರದ ಪಾತ್ರೆಗೆ ಚಿನ್ನದ ಲೇಪ ಕೊಡುವವನನ್ನು ಇನ್ನೇನೆಂದು ಕರೆದಾರು! ಚಿನ್ನವನ್ನು ಪಾದರಸದ ಜೊತೆ ಬೆಣ್ಣೆಯಾಗುವ ಹಾಗೆ ಅರೆದು, ತಾಮ್ರಕ್ಕೆ ಸವರಿ, ಕೆಂಡದ ಮೇಲೆ ಹಿಡಿಯುವುದು ಅವನ ಕಸುಬು. ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಹೊಗೆ ಎಲ್ಲಿಗೆ ಹೋಗುತ್ತದೆಂದು ಆ ಮನೆಯಲ್ಲಿ ಕೇಳಿದವರಿಲ್ಲ. ಕೆಲಸದ ಕೋಣೆಗೆ ಕಿಟಕಿಯೂ ಇರಲಿಲ್ಲ. ಗಾಳಿ ಬಂದರೆ ಕೆಂಡದ ಹದ ತಪ್ಪುತ್ತದಂತೆ.

ಅವನ ಅಪ್ಪ ಒಂದು ದಿನ ಚಹಾ ಬಾಯಿಗಿಟ್ಟವನೇ, "ಲೋಟ ತೊಳೆದಿಲ್ವೇನೇ? ಕಬ್ಬಿಣ ನೆಕ್ಕಿದ ಹಾಗಿದೆ!" ಎಂದು ಹೆಂಡತಿಯ ಮೇಲೆ ರೇಗಿದ್ದ. ಆಮೇಲೆ ಒಸಡು ಊದಿತು, ಕೈ ನಡುಗಿತು, ಗೋಡೆಯ ಜೊತೆ ಜಗಳವಾಡುತ್ತಾ ಸತ್ತ. ಅಣ್ಣನದೂ ಅದೇ ಕಥೆ, ಶುರುವಾದದ್ದೂ ಚಹಾದಿಂದಲೇ. ಗಿಲೀಟಪ್ಪನ ನಾಲಿಗೆಗೂ ಕಬ್ಬಿಣ ಅಂಟಿ ವರ್ಷಗಳಾಗಿದ್ದವು. ಆದರೆ ಅನ್ನ ಕೊಟ್ಟ ಕಸುಬನ್ನು ದೂರುವುದೆಂದರೆ ಹೆತ್ತ ತಾಯಿಯನ್ನು ಬೈದಂತೆ. ವಂಶದಲ್ಲೇ ನರದ ದೌರ್ಬಲ್ಯವಿದೆ ಎಂದು ಹೇಳಿಕೊಂಡು ಬಂದಿದ್ದರು, ಇವನೂ ಅದನ್ನೇ ಹೇಳುತ್ತಿದ್ದ.

ಮಗಳು ತಾಯಿಯಿಲ್ಲದ ಹುಡುಗಿ. ಬೆಳಗ್ಗೆ ಅಪ್ಪನ ಅಂಗಿಯ ಗುಂಡಿ ಹಾಕುವವಳೂ ಅವಳೇ. "ನಂಗೂ ಕಲ್ಸಪ್ಪ" ಎಂದಾಗಲೆಲ್ಲ, "ಹೆಣ್ಣಿನ ಕೈಗೆ ಚಿನ್ನ ಹತ್ತಲ್ಲ, ಹೋಗೇ" ಎನ್ನುತ್ತಿದ್ದ. ಹೊಗೆಯ ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಮಹಾರಾಯನಿಗೆ ಮನೆತನದ ಮರ್ಯಾದೆ ಅಡ್ಡ ಬಂತು.

ಅಷ್ಟರಲ್ಲಿ ಸಂಸ್ಕೃತಿ ಇಲಾಖೆಯವರು ವಕ್ಕರಿಸಿದರು. ಅಳಿದುಹೋಗುತ್ತಿರುವ ಕಸುಬುಗಳನ್ನು ಉಳಿಸುವುದು ಅವರ ಕೆಲಸ. ಒಂದು ಬಟ್ಟಲು ಮಾಡಿ ತೋರಿಸಬೇಕು. ಸರಿಬಂದರೆ ಮನೆಯಲ್ಲೇ ತರಬೇತಿ ಶಾಲೆ, ಮಗಳೇ ಮೊದಲ ಶಿಷ್ಯೆ. ಗಿಲೀಟಪ್ಪ ತಕ್ಷಣ ಒಪ್ಪಿಕೊಂಡ. ಬಟ್ಟಲು ಕೆಡಿಸಿದರೆ ಕಸುಬು ತನ್ನ ಜೊತೆ ಮಣ್ಣಾಗುತ್ತದೆ, ಮಗಳು ಬದುಕುತ್ತಾಳೆ ಎಂಬುದು ಅವನ ಲೆಕ್ಕಾಚಾರ.

ಉಜ್ಜಿ ತೊಳೆದ ತಾಮ್ರವನ್ನು ಬರಿಗೈಯಲ್ಲಿ ಮುಟ್ಟಬಾರದು. ಅವನು ಬೆವರು ಒರೆಸುವವನಂತೆ ಕುತ್ತಿಗೆಗೆ ಹೆಬ್ಬೆರಳು ಒತ್ತಿ, ಅದೇ ಬೆರಳನ್ನು ಬಟ್ಟಲಿನ ಸುತ್ತ ಆಡಿಸಿದ. ಜಿಡ್ಡಿನ ಮೇಲೆ ಚಿನ್ನ ಕೂರಲಿಲ್ಲ. ಕೆಂಡದಿಂದ ತೆಗೆದಾಗ ಬಟ್ಟಲಿನ ತುಂಬ ತೊನ್ನು ಹತ್ತಿದಂತೆ ಕಲೆಗಳು.

ಬಂದಿದ್ದವರಲ್ಲಿ ಹಿರಿಯರಾದ ಅಧಿಕಾರಿಣಿಗೆ ನಿಜಕ್ಕೂ ಬೇಜಾರಾಯಿತು. "ಹಾಗಾದ್ರೆ ಈ ಕಸುಬು ಹೋಯ್ತು ಅಂತ ಬರ್ಕೊಳ್ಳೋದಾ ಯಜಮಾನ್ರೇ?"

"ಬರ್ಕೊಳ್ಳಿ ತಾಯಿ," ಎಂದ ಗಿಲೀಟಪ್ಪ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಸ್ವಲ್ಪ ಇರಿ ಮೇಡಂ."

ಮಗಳು ಸೆರಗು ಸಿಕ್ಕಿಸಿಕೊಂಡು ಕೆಂಡದ ಮುಂದೆ ಕೂತಳು. ಬೇರೊಂದು ಬಟ್ಟಲನ್ನು ಉಜ್ಜಿದಳು, ಬಟ್ಟೆಯಲ್ಲಿ ಹಿಡಿದಳು, ಸವರಿದಳು, ಹೊಗೆಗೆ ಮುಖ ಕೊಟ್ಟು ನಿಧಾನವಾಗಿ ತಿರುಗಿಸಿದಳು. ಗಿಲೀಟಪ್ಪ ಏಳಲು ಹೋದ, ಕಾಲು ಮಾತು ಕೇಳಲಿಲ್ಲ. ಬಟ್ಟಲು ಅವನ ಅಪ್ಪನ ಕಾಲದ ಕೆಲಸದಷ್ಟು ಚೊಕ್ಕವಾಗಿ ಹೊರಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಯಾರಮ್ಮ ಕಲ್ಸಿದ್ದು?"

"ಅಪ್ಪ ಮಧ್ಯಾಹ್ನ ಮಲಗಿದಾಗ ಬಾಗ್ಲು ಹಾಕ್ಕೊಂಡು ನಾನೇ ಕಲ್ತೆ ಮೇಡಂ. ಎರಡು ವರ್ಷ ಆಯ್ತು." ಅಪ್ಪನ ಕಡೆ ತಿರುಗಿ ನಕ್ಕಳು. "ಇನ್ನು ನೀನು ಆರಾಮಾಗಿರು."

ಶಾಲೆ ಮಂಜೂರಾಯಿತೆಂದೇ ತಿಳಿಯಿರಿ ಎಂದು ಹೇಳಿ ಅವರು ಹೊರಟರು. ಮಗಳು ಕುಣಿಯುತ್ತಾ ಹೋಗಿ ಚಹಾ ಮಾಡಿ ತಂದಳು, ಅಪ್ಪನ ಎದುರು ಕೂತು ಒಂದು ಗುಟುಕು ಕುಡಿದಳು, ಮುಖ ಸಿಂಡರಿಸಿದಳು.

"ಈ ಲೋಟ ಎಷ್ಟು ತೊಳೆದ್ರೂ ಅಷ್ಟೇ ಕಣಪ್ಪ. ಒಂದು ವಾರದಿಂದ ಚಹಾ ಕಬ್ಬಿಣದ ಥರ ಇರುತ್ತೆ."

"ಹಾಲು ಕೆಟ್ಟಿರ್ಬೇಕು," ಎಂದ ಗಿಲೀಟಪ್ಪ. ಅವಳ ಕೈಯಿಂದ ಲೋಟ ಕಿತ್ತುಕೊಂಡ. ಅರ್ಧ ಅಂಗಿಯ ಮೇಲೆ ಚೆಲ್ಲಿತು, ಉಳಿದದ್ದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದು ನೋಡಿದ. ಅವನ ಬಾಯಿಗೆ ಎಲ್ಲ ಚಹಾವೂ ಕಬ್ಬಿಣವೇ. ಕೆಟ್ಟದ್ದು ಹಾಲೋ ಅಲ್ಲವೋ ತಿಳಿಯಲಿಲ್ಲ. ಇನ್ನೊಂದು ಗುಟುಕು ಕುಡಿದ.