ವೆಂಕಟಮ್ಮನ ವಿಳಾಸ

ದೆವ್ವ, ಪ್ರೇತ, ಗಾಳಿ ಸೋಕುವುದು, ಇವುಗಳಲ್ಲಿ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ. ಈಗ ಬಂದಿದೆಯೇ ಎಂದು ಕೇಳಿದರೆ ಹೌದು ಎನ್ನಲೂ ನಾಲಿಗೆ ಏಳುವುದಿಲ್ಲ, ಇಲ್ಲ ಎನ್ನಲೂ ಏಳುವುದಿಲ್ಲ. ಇಪ್ಪತ್ತು ವರ್ಷ ಆಸ್ಪತ್ರೆಯ ಕ್ಷಯರೋಗ ವಿಭಾಗದಲ್ಲಿ ದುಡಿದವಳು ನಾನು. ಶವಾಗಾರದ ಪಕ್ಕದ ಕೋಣೆಯಲ್ಲೇ ನಮ್ಮ ಮಾತ್ರೆಗಳ ದಾಸ್ತಾನು. ಸಂಜೆಯಾದರೆ ಅಲ್ಲಿಗೆ ಹೋಗಲು ಆಯಾಗಳು ಹಿಂದೆ ಮುಂದೆ ನೋಡುತ್ತಿದ್ದರು; ನಾನೊಬ್ಬಳೇ ಹೋಗಿ ಡಬ್ಬ ಹೊತ್ತು ತರುತ್ತಿದ್ದೆ. "ಸತ್ತೋರು ಕೆಮ್ಮಲ್ಲ ಕಣ್ರೇ, ಬದುಕಿರೋರಿಗೆ ಹೆದರಿ" ಎಂದು ಅವರನ್ನು ರೇಗಿಸುತ್ತಿದ್ದೆ.

ಮನೆಯಲ್ಲಿ ಇದಕ್ಕೆ ತದ್ವಿರುದ್ಧ. ನಮ್ಮತ್ತೆಗೆ ಎಲ್ಲೆಲ್ಲೂ ದೆವ್ವ. ಹುಣಸೆಮರದಲ್ಲಿ ಒಂದು, ಪಾಳುಬಾವಿಯಲ್ಲಿ ಇನ್ನೊಂದು, ಎದುರುಮನೆಯ ಮಹಡಿ ಮೆಟ್ಟಿಲ ಕೆಳಗೆ ಒಂದು ಸಂಸಾರವೇ ಇತ್ತು. ನನಗೆ ಎರಡು ದಿನ ಜ್ವರ ಬಂದರೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವವರೆಗೆ ಅವರಿಗೆ ಸಮಾಧಾನವಿಲ್ಲ. ನಾನು ಮಾತ್ರೆ ನುಂಗುತ್ತಿದ್ದೆ, ಅವರು ಮೆಣಸಿನಕಾಯಿ ಸುಡುತ್ತಿದ್ದರು, ಜ್ವರ ಬಿಟ್ಟ ಮೇಲೆ ಇಬ್ಬರೂ ನಾನೇ ಗೆದ್ದೆ ಎಂದುಕೊಳ್ಳುತ್ತಿದ್ದೆವು. ಯಜಮಾನರು ಮಾಲೂರಿನ ಕಾರ್ಖಾನೆಯಲ್ಲಿದ್ದು ವಾರಕ್ಕೊಮ್ಮೆ ಬರುವವರು. ಹಾಗಾಗಿ ಶ್ರೀನಿವಾಸಪುರದ ಆ ಮನೆಯಲ್ಲಿ ಹೆಚ್ಚಿನ ದಿನ ನಾವಿಬ್ಬರೇ.

ಕೆಲವು ವರ್ಷಗಳ ಹಿಂದೆ, ಸಂಕ್ರಾಂತಿ ಕಳೆದ ಮೇಲೆ, ಮಾವಿನ ಮಂಡಿಗಳ ಕಡೆ ಕಫ ಪರೀಕ್ಷೆಗೆ ಹೋಗಿದ್ದೆ. ನಮ್ಮೂರಿನ ಮಂಡಿಗಳು ಎರಡು ಮೂರು ತಿಂಗಳು ಜಾತ್ರೆಯಂತಿರುತ್ತವೆ, ಉಳಿದಂತೆ ಖಾಲಿ. ಖಾಲಿ ಇದ್ದಾಗ ಮನೆಯಿಲ್ಲದವರು ಅದರ ತಗಡಿನ ಚಾವಣಿ ಕೆಳಗೆ ಮಲಗುತ್ತಾರೆ. ಅಲ್ಲೇ ವೆಂಕಟಮ್ಮ ಸಿಕ್ಕಿದ್ದು. ಐವತ್ತೈದರ ಆಸುಪಾಸು, ಸೀರೆಯ ಮೇಲೆ ಗಂಡಸರ ಷರ್ಟು, ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನಿಲ್ಲ. ಗಂಡ ಸತ್ತ ಮೇಲೆ ಮೈದುನರು ಮನೆಯಿಂದ ಹೊರಗೆ ಹಾಕಿದ್ದರಂತೆ. ಅವಳ ಕಫದಲ್ಲಿ ಕ್ಷಯ ಇತ್ತು. ಪಕ್ಕದಲ್ಲಿ ಯಾರು ಮಲಗುತ್ತಿದ್ದರು ಎಂದು ವಿಚಾರಿಸಿದೆ. ರತ್ನ ಅಂತ ಒಬ್ಬ ಬಸುರಿ ಹುಡುಗಿ, ಗಂಡನ ಜೊತೆ ಎಲ್ಲಿಗೋ ಕೂಲಿಗೆ ಹೋದಳು ಎಂದಳು. ನಾನು ಪುಸ್ತಕದಲ್ಲಿ 'ಊರು ಬಿಟ್ಟಿದ್ದಾರೆ' ಎಂದು ಬರೆದು ಮುಂದಿನ ಸಾಲಿಗೆ ಹೋದೆ.

ಆಸ್ಪತ್ರೆಯಲ್ಲಿ ಹೆಸರು ದಾಖಲಿಸುವಾಗ ವಿಳಾಸ ಕೇಳಿದರು. ಮನೆ ನಂಬರು ಹಾಕದಿದ್ದರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ ಎಂದು ಆಪರೇಟರ್ ಹುಡುಗಿ ಕೈಚೆಲ್ಲಿದಳು. ವೆಂಕಟಮ್ಮ ಪೆಚ್ಚಾಗಿ ನನ್ನ ಮುಖ ನೋಡಿದಳು. ನನಗೆ ಮಧ್ಯಾಹ್ನದೊಳಗೆ ಇನ್ನೂ ಎರಡು ಊರು ಸುತ್ತಬೇಕಿತ್ತು. "ನಮ್ಮನೇದೇ ಹಾಕಮ್ಮ" ಎಂದೆ. ನಲವತ್ತೇಳು, ನೀರಿನ ಟ್ಯಾಂಕಿನ ಹಿಂದೆ. ವೆಂಕಟಮ್ಮನ ಚಿಕಿತ್ಸೆಯ ಕಾರ್ಡಿನ ಮೇಲೂ ಅದೇ ಬಂತು. ಅವಳಿಗೆ ಓದು ಬರುತ್ತಿರಲಿಲ್ಲ. ನನ್ನ ಕೈಲಿ ಎರಡು ಸಲ ಓದಿಸಿ ಬಾಯಿಪಾಠ ಮಾಡಿಕೊಂಡಳು.

ದಿನಾ ಬೆಳಿಗ್ಗೆ ಮಂಡಿಗೆ ಹೋಗಿ ಅವಳು ಮಾತ್ರೆ ನುಂಗುವುದನ್ನು ನಿಂತು ನೋಡಿ ಬರುವುದು ನನ್ನ ಕೆಲಸ. ಆರು ತಿಂಗಳು ಒಂದು ದಿನವೂ ತಪ್ಪಬಾರದು. ನಡುವೆ ಬಿಟ್ಟರೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ, ಎರಡನೇ ಸಲ ಅದೇ ಮಾತ್ರೆಗೆ ಬಗ್ಗದೆಯೂ ಹೋಗಬಹುದು. ಮನೆ ಇದ್ದವರಾದರೆ ಒಂದು ದಿನ ತಪ್ಪಿದರೆ ಬಾಗಿಲು ತಟ್ಟಬಹುದು. ಮನೆಯಿಲ್ಲದವರ ಕಾಯಿಲೆ ಅವರ ಜೊತೆ ಬಸ್ಸು ಹತ್ತಿ ಹೋಗಿಬಿಡುತ್ತದೆ, ಎಲ್ಲಿ ಇಳಿಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ವೆಂಕಟಮ್ಮನ ಆರು ತಿಂಗಳು ಹೇಗಾದರೂ ಮುಗಿಸಬೇಕೆಂದು ನಾನು ಹಟ ತೊಟ್ಟಿದ್ದೆ. ಅವಳೂ ಅಷ್ಟೇ, ಮಂಡಿಯಲ್ಲಿದ್ದಷ್ಟು ಕಾಲ ಒಂದು ದಿನವೂ ತಪ್ಪಿಸಲಿಲ್ಲ.

ನನ್ನನ್ನು ಕಂಡ ಕೂಡಲೇ ಅವಳು ಕೇಳುತ್ತಿದ್ದ ಮೊದಲ ಮಾತು, "ಮನ ಇಲ್ಲು ಎಟ್ಲುಂದಮ್ಮಾ?" ಅಂದರೆ, ನಮ್ಮ ಮನೆ ಹೇಗಿದೆ ಅಂತ. ತೆಲುಗಿನಲ್ಲಿ 'ಮಾ ಇಲ್ಲು' ಎಂದರೆ ನಮ್ಮದು, ನಿಮ್ಮದಲ್ಲ. 'ಮನ ಇಲ್ಲು' ಎಂದರೆ ನಿನ್ನದೂ ಹೌದು, ನನ್ನದೂ ಹೌದು. ಕನ್ನಡದಲ್ಲಿ ಎರಡಕ್ಕೂ ಒಂದೇ 'ನಮ್ಮ'. ಅವಳು ಯಾವಾಗಲೂ 'ಮನ' ಎಂದೇ ಹೇಳುತ್ತಿದ್ದಳು. ನಾನೂ ತಮಾಷೆಗೆ "ನಿಮ್ಮನೇಲಿ ಇವತ್ತು ಹುರುಳಿಕಾಳು ಸಾರು" ಎನ್ನುತ್ತಿದ್ದೆ. ಉಪ್ಪು ಸರಿಯಾಗಿ ಹಾಕಿದೆಯಾ ಎಂದು ಅವಳು ಯಜಮಾನಿಯ ಹಾಗೆ ವಿಚಾರಿಸುತ್ತಿದ್ದಳು. ಈ ವಿಷಯವನ್ನು ನಾನು ಅತ್ತೆಗೆ ಹೇಳಿರಲಿಲ್ಲ. ಕ್ಷಯದವಳಿಗೆ ನಮ್ಮ ಮನೆ ನಂಬರು ಕೊಟ್ಟಿದ್ದೇನೆ ಎಂದರೆ ರಂಪವಾದೀತೆಂಬ ಅಳುಕು.

ಒಂದು ದಿನ ವೆಂಕಟಮ್ಮ ತಮಾಷೆ ಬಿಟ್ಟು ನಿಜವಾಗಿಯೇ ಕೇಳಿದಳು. "ಒಂದ್ಸಲ ಬಂದು ನೋಡ್ಕೊಂಡ್ ಹೋಗ್ಲಾ ನರ್ಸಮ್ಮ? ಒಳಕ್ಕೆ ಒಂದ್ಗಳಿಗೆ ಕೂತ್ಕಂಡು ಎದ್ಬತ್ತೀನಿ." ನಾನು ನರ್ಸಲ್ಲ, ಆದರೆ ಅವಳು ಹಾಗೇ ಕರೆಯುತ್ತಿದ್ದಳು. ನಮ್ಮತ್ತೆಗೆ ಸಕ್ಕರೆ ಕಾಯಿಲೆ, ವಯಸ್ಸೂ ಆಗಿತ್ತು. "ಮಾತ್ರೆ ಎಲ್ಲಾ ಮುಗೀಲಿ, ಆಮೇಲೆ ಬರುವಿಯಂತೆ" ಎಂದೆ. ಅವಳು ತಲೆಯಾಡಿಸಿದಳು. ಆಗ ಹತ್ತಿರದಲ್ಲಿ ಬೇರೆ ಯಾರೂ ಇರಲಿಲ್ಲ.

ನಾಲ್ಕನೇ ತಿಂಗಳಲ್ಲಿ ಮಾವಿನ ಕಾಲ ಶುರುವಾಯಿತು. ಅದೇ ಸಮಯಕ್ಕೆ ನನಗೆ ಕೋಲಾರದಲ್ಲಿ ಒಂದು ವಾರ ತರಬೇತಿ. ಮುಗಿಸಿಕೊಂಡು ಮಂಡಿಗೆ ಹೋದರೆ ಎಲ್ಲೆಲ್ಲೂ ಹುಲ್ಲು, ಕ್ರೇಟು, ಲಾರಿ. ಮಲಗುತ್ತಿದ್ದವರನ್ನೆಲ್ಲ ಎಬ್ಬಿಸಿ ಕಳಿಸಿದ್ದರು. ಕಾವಲುಗಾರ ಬಾಬಾಜಾನ್ ಒಳ್ಳೆಯ ಮನುಷ್ಯ, ವೆಂಕಟಮ್ಮನಿಗೆ ಚಹಾ ಕೊಡಿಸುತ್ತಿದ್ದವನು. "ನಾನೇನ್ ಮಾಡ್ಲಿ ಮೇಡಂ, ಮಾಲು ಬಂದ್ಬಿಡ್ತು. ಪಾಪ ಎರಡ್ ದಿವ್ಸ ಗೇಟ್ ಹತ್ರಾನೇ ಕೂತಿತ್ತು ನಿಮಗೋಸ್ಕರ. ಆಮೇಲೆ ಕಾಣ್ಲಿಲ್ಲ" ಎಂದ. ನನ್ನ ಬದಲಿಗೆ ಮಾತ್ರೆ ಕೊಡಬೇಕಾಗಿದ್ದವರು ಒಂದು ದಿನ ಬಂದು, ಅವಳು ಕಾಣದೆ ವಾಪಸು ಹೋಗಿದ್ದರು. ನಾನು ಕೋಲಾರದ ಬಸ್ ನಿಲ್ದಾಣ, ಮುಳಬಾಗಿಲಿನ ಸಂತೆಮಾಳ, ಚಿಂತಾಮಣಿ ರಸ್ತೆಯ ಗುಡಿಸಲು, ಎಲ್ಲ ಕಡೆ ಹುಡುಕಿದೆ. ಮೂರು ವಾರವಾದರೂ ಸುಳಿವಿಲ್ಲ.

ಒಂದು ಸೋಮವಾರ ಸಂಜೆ ನಾಲ್ಕು ಗಂಟೆಗೆ ಮನೆಗೆ ಬಂದೆ. ಅತ್ತೆ ಅವರೆಕಾಳು ಆರಿಸುತ್ತಾ ಕೂತಿದ್ದರು. ತಲೆ ಎತ್ತದೆ, "ನಿಮ್ಮ ಪೈಕಿಯೋಳು ಯಾರೋ ಬಂದಿದ್ಲು ಕಣೇ, ಮಧ್ಯಾಹ್ನ" ಎಂದರು. ಯಾರು ಎಂದೆ. "ಹೆಸ್ರು ಹೇಳ್ಲಿಲ್ಲ. ಗೇಟ್ ಹತ್ರ ನಿಂತ್ಕಂಡು ನಲವತ್ತೇಳು, ನಲವತ್ತೇಳು ಅಂತಿದ್ಲು. ಏನಮ್ಮ ಅಂದ್ರೆ, ಇದಿ ಮನ ಇಲ್ಲೇ ಕದಾ, ಇದು ನಮ್ಮನೇನೇ ಅಲ್ವಾ, ಅಂತಾಳೆ."

ಕೈಯಲ್ಲಿದ್ದ ಚೀಲ ಕೆಳಗಿಟ್ಟೆ. ನನಗೆ ಆದದ್ದು ಭಯವಲ್ಲ, ಸಂತೋಷ. ಬದುಕಿದ್ದಾಳಲ್ಲ, ಮನೆ ಹುಡುಕಿಕೊಂಡು ಬಂದಳಲ್ಲ ಎಂದು ಕಣ್ಣಲ್ಲಿ ನೀರು ಬಂತು. ಮುಂದೇನಾಯಿತು ಹೇಳಿ ಎಂದು ಅತ್ತೆಯನ್ನು ಅವಸರಿಸಿದೆ.

"ಬಿಸ್ಲಲ್ಲಿ ನಿಂತಿದ್ಲು, ಒಳಕ್ಕೆ ಬಾರಮ್ಮ ಅಂದೆ. ಬರ್ಲಿಲ್ಲ. ಮಾತ್ರೆ ಇನ್ನೂ ಮುಗ್ದಿಲ್ಲ, ಮುಗಿಯೋ ತನ್ಕ ಬರ್ಬ್ಯಾಡ ಅಂತ ನರ್ಸಮ್ಮ ಹೇಳವ್ರೆ ಅಂದ್ಲು. ನೀರು ಕೇಳಿದ್ಲು, ಕೊಟ್ಟೆ. ಆಮೇಲೆ ಬೈರಕೂರು ತಾವ ತೋಟದಾಗೆ ರತ್ನ ಅಂತ ಒಬ್ಳು ಕೆಮ್ತಾವ್ಳೆ, ಕೈಗೂಸು ಐತೆ, ನರ್ಸಮ್ಮಂಗೆ ಹೇಳು ಅಂದ್ಲು. ಇನ್ನೇನೋ ಕೇಳಾಣ ಅಂತ ಚೊಂಬು ಒಳಗಿಟ್ಟು ಬಂದೆ, ಹೊಂಟೋಗಿದ್ಲು."

ನೋಡಲು ಹೇಗಿದ್ದಳು ಎಂದು ಕೇಳಿದ್ದಕ್ಕೆ ಬಡಕಲು, ಸೀರೆ ಮೇಲೆ ಷರ್ಟು ಎಂದರು. ನಮ್ಮ ತಾಲೂಕಿನಲ್ಲಿ ಕೂಲಿಗೆ ಹೋಗುವ ಹೆಂಗಸರಲ್ಲಿ ಅರ್ಧ ಜನ ಹಾಗೇ ಇರುತ್ತಾರೆ. ಆದರೆ ನನಗೆ ಅನುಮಾನವೇ ಇರಲಿಲ್ಲ. ಆಗಿಂದಾಗಲೇ ಹೊರಟು ಬಸ್ ನಿಲ್ದಾಣ, ಮಂಡಿ, ಆಸ್ಪತ್ರೆ ಎಲ್ಲ ಸುತ್ತಿದೆ. ಯಾರೂ ಅವಳನ್ನು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಒಬ್ಬ ಕಾನ್‌ಸ್ಟೇಬಲ್ ಮನೆಯ ಗೇಟಿಗೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ವೆಂಕಟಮ್ಮನ ಕಾರ್ಡು. "ಈ ವಿಳಾಸದ ವೆಂಕಟಮ್ಮ ನಿಮಗೆ ಏನಾಗ್ಬೇಕು ಮೇಡಂ?" ಎಂದು ಕೇಳಿದ. ಅವಳಿಗೆ ಏನಾಯಿತು ಎಂದೆ. ಮುಳಬಾಗಿಲಿನಲ್ಲಿ ಒಂದು ಅಂಗಡಿ ಜಗಲಿಯ ಮೇಲೆ ಬಿದ್ದಿದ್ದಳಂತೆ. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲವಂತೆ. "ಹೊಟ್ಟೇಲಿ ಏನೂ ಇರ್ಲಿಲ್ವಂತೆ, ಬಿಸ್ಲು ಬೇರೆ. ಶನಿವಾರ ಬೆಳಿಗ್ಗೇನೇ ಹೋಗ್ಬಿಟ್ರು" ಎಂದ. ಶನಿವಾರವಾ, ಸರಿಯಾಗಿ ಗೊತ್ತಾ ಎಂದು ನಾನು ಮೂರು ಸಲ ಕೇಳಿದೆ. ಅವನು ನನ್ನನ್ನು ಅನುಮಾನದಿಂದ ನೋಡಿದ.

ಮುಳಬಾಗಿಲಿನ ಶವಾಗಾರಕ್ಕೆ ಹೋಗಿ ನೋಡಿದೆ. ವೆಂಕಟಮ್ಮನೇ. ಅಲ್ಲಿನವರ ಪುಸ್ತಕದಲ್ಲಿ ದಿನ, ವೇಳೆ ಎಲ್ಲ ಬರೆದಿತ್ತು. ಅತ್ತೆ ಬಾಗಿಲಲ್ಲಿ ಚೊಂಬು ಕೊಟ್ಟ ಹೊತ್ತಿಗೆ ಅವಳು ಎರಡು ದಿನದಿಂದ ಅಲ್ಲಿ ಮಲಗಿದ್ದಳು. ಇಪ್ಪತ್ತು ವರ್ಷ ಶವಾಗಾರದ ಪಕ್ಕದಲ್ಲೇ ಹೆದರದೆ ಓಡಾಡಿದವಳು ಆವತ್ತು ಅಲ್ಲಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದೆ.

ಬುಧವಾರ ಬೈರಕೂರಿನ ಕಡೆಗೆ ಹೋದೆ. ಹೋಗದಿರಲು ಧೈರ್ಯ ಸಾಲಲಿಲ್ಲ ಎಂದರೆ ಸರಿ. ಮೂರನೇ ತೋಟದ ಶೆಡ್ಡಿನಲ್ಲಿ ರತ್ನ ಇದ್ದಳು. ಮಡಿಲಲ್ಲಿ ತಿಂಗಳು ತುಂಬದ ಕೂಸು, ಬಾಯಿಗೆ ಸೆರಗು ಒತ್ತಿಕೊಂಡು ಕೆಮ್ಮುತ್ತಿದ್ದಳು. ಚಳಿಗಾಲದಲ್ಲಿ ವೆಂಕಟಮ್ಮನ ಪಕ್ಕ ಮಲಗುತ್ತಿದ್ದವಳು ಇವಳೇ. ವೆಂಕಟಮ್ಮ ಇವಳನ್ನು ಹುಡುಕಿಕೊಂಡು ಬಂದು ಕೆಲವು ದಿನ ಇಲ್ಲೇ ಇದ್ದಳಂತೆ. "ನರ್ಸಮ್ಮನ ಕರ್ಕಂಡ್ ಬತ್ತೀನಿ ಅಂತ ಹೊಂಟ್ಳಕ್ಕ, ಶುಕ್ರವಾರ. ಆಮ್ಯಾಕೆ ಬರ್ಲೇ ಇಲ್ಲ" ಎಂದಳು. ಸೋಮವಾರ ಯಾರನ್ನಾದರೂ ನಮ್ಮ ಮನೆಗೆ ಕಳಿಸಿದ್ದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಶೆಡ್ಡಿನಲ್ಲಿದ್ದ ಒಬ್ಬೊಬ್ಬರನ್ನೂ ಕೇಳಿದೆ. ಸೋಮವಾರ ಎರಡು ಲಾರಿ ತುಂಬಿದ್ದರಂತೆ, ಯಾರೂ ಅತ್ತಿತ್ತ ಕದಲಿರಲಿಲ್ಲ. ಆ ಸುದ್ದಿ ಬರದೆ ಹೋಗಿದ್ದರೆ ಸುಗ್ಗಿ ಮುಗಿದು ಅವರೆಲ್ಲ ದಿಕ್ಕಿಗೊಬ್ಬರಾಗುತ್ತಿದ್ದರು. ಅವರಲ್ಲಿ ಇನ್ನೊಬ್ಬನಿಗೂ ಕಾಯಿಲೆ ಇತ್ತು. ಕೂಸಿಗೆ ಮುಂಜಾಗ್ರತೆಯ ಔಷಧಿ ಶುರು ಮಾಡಿದೆವು. ರತ್ನ ಆರು ತಿಂಗಳೂ ಮಾತ್ರೆ ನುಂಗಿ ಗುಣವಾದಳು.

ಆ ಸಂಜೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಮನೆ ನಂಬರು ಕೊಟ್ಟದ್ದನ್ನೂ ಹೇಳಿದೆ. ಈಗ ಮೆಣಸಿನಕಾಯಿ ಹುಡುಕುತ್ತಾರೆ, ಮಂತ್ರ ಹಾಕಿಸುತ್ತಾರೆ, ಮನೆಯೇ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಏನೂ ಮಾಡಲಿಲ್ಲ.

"ಅತ್ತೆ, ನಿಮಗೆ ಹೆದ್ರಿಕೆ ಆಗ್ತಿಲ್ವಾ?" ಎಂದೆ.

"ಯಾಕ್ ಹೆದ್ರಲಿ? ದೆವ್ವ ನೀರು ಕೇಳ್ತದೇನೇ? ಮನೆಗೆ ಬಂದೋಳು ನೀರು ಕೇಳಿದ್ಲು, ಕೊಟ್ಟೆ. ಒಳಕ್ಕೂ ಕರ್ದೆ" ಎಂದು ಎದ್ದರು. ಅಡುಗೆಮನೆಯ ಬಾಗಿಲಲ್ಲಿ ತಿರುಗಿ, "ನೀನು ಕರೀಲಿಲ್ವಲ್ಲ, ಅದಕ್ಕೆ ನಿಂಗೆ ಹೆದ್ರಿಕೆ" ಎಂದರು.

ಅತ್ತೆ ಈಗಿಲ್ಲ. ಸಾಯುವವರೆಗೂ ಆ ದಿನದ ಮಾತನ್ನು ಒಂದಕ್ಷರ ಬದಲಿಸಲಿಲ್ಲ. ನಾನು ಬುದ್ಧಿಗೆ ಒಪ್ಪುವ ಕಾರಣ ಹುಡುಕಿ ಸಾಕಾಗಿದ್ದೇನೆ. ವೆಂಕಟಮ್ಮ ದಾರಿಯಲ್ಲಿ ಯಾರಿಗಾದರೂ ಎಲ್ಲ ಹೇಳಿರಬಹುದು, ಅವರು ಅವಳ ಪರವಾಗಿ ಬಂದಿರಬಹುದು. ಹಾಗಾದರೆ ಅವರು ಯಾರು? ಬಂದವರು ಯಾಕೆ ತಾವೇ ಅವಳು ಎಂಬಂತೆ ಮಾತಾಡಿದರು? ಇವತ್ತಿಗೂ ನನಗೆ ಗೊತ್ತಿಲ್ಲ.

ಓದುಗರಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೇನೆ. ಕ್ಷಯದವರು ಸರಿಯಾಗಿ ಮಾತ್ರೆ ನುಂಗಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅವರಿಂದ ಸೋಂಕು ಹರಡುವುದು ನಿಲ್ಲುತ್ತದೆ. ಇದನ್ನು ನಾನು ಮನೆಮನೆಗೂ ಹೇಳಿ ಬರುತ್ತಿದ್ದವಳು. ಸುಗಟೂರಿನಲ್ಲಿ ಸೊಸೆಯನ್ನು ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದ ಮನೆಯವರನ್ನು ಹಿಗ್ಗಾಮುಗ್ಗಾ ಬೈದು ಅವಳನ್ನು ಒಳಗೆ ಕರೆಸಿದ್ದೆ. ಒಂದ್ಗಳಿಗೆ ಬಂದು ಕೂರಲೇ ಎಂದು ವೆಂಕಟಮ್ಮ ಕೇಳಿದಾಗ ಅವಳು ಮಾತ್ರೆ ಶುರು ಮಾಡಿ ಮೂರು ತಿಂಗಳಾಗಿತ್ತು. ಅವಳ ಕಫದಲ್ಲಿ ಈಗ ಕಾಯಿಲೆ ಇಲ್ಲ ಎಂದು ಬರೆದಿದ್ದ ಚೀಟಿ ಆಗ ನನ್ನ ಹೆಗಲ ಚೀಲದಲ್ಲೇ ಇತ್ತು.