ಬಂದೂಕಿನ ಬಾಯಿ ಮ್ಯಾಲಕ್ಕ

ಹಾಲು ತರಲು ಹೋದ ಅಂಗಡಿಯಲ್ಲಿ ಬ್ರೆಡ್ಡಿನ ಪಕ್ಕದಲ್ಲೇ ತೋಟಾದ ಡಬ್ಬಿಗಳನ್ನು ಜೋಡಿಸಿಟ್ಟಿದ್ದರು. ಬಿಸ್ಕೀಟು ಇರಬೇಕೆಂದು ಒಂದನ್ನು ಕೈಗೆ ತೆಗೆದುಕೊಂಡೆ. ಭಾರಕ್ಕೆ ಗೊತ್ತಾಯಿತು. ಮೆಲ್ಲಗೆ ಕೆಳಗಿಟ್ಟು ಸುತ್ತ ನೋಡಿದರೆ ಯಾರೂ ನನ್ನನ್ನು ಗಮನಿಸಿರಲಿಲ್ಲ. ಮುಂದೆ ಪಾಳಿಯಲ್ಲಿ ನಿಂತಿದ್ದ ಅಜ್ಜಿಯ ಒಂದು ಕೈಯಲ್ಲಿ ತತ್ತಿ, ಇನ್ನೊಂದು ಕೈಯಲ್ಲಿ ಅದೇ ತೋಟಾ. ಹೊರಗೆ ಬಂದರೆ ಗುಡ್ಡದ ಆಚೆಯಿಂದ ಗುಂಡಿನ ಸಪ್ಪಳ, ನಿಲ್ಲುವ ಹೆಸರಿಲ್ಲ. ಹಾಲಿನ ಕ್ಯಾನು ಎದೆಗವಚಿಕೊಂಡು ಮನೆಗೆ ಓಡಿದೆ. ಹೆಂಡತಿ ಶಾಂತವ್ವ ಡ್ಯೂಟಿಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದಳು.

"ಊರಾಗ ಏನೋ ಗದ್ಲ ಎದ್ದೈತಿ. ಇವತ್ತ ಹೊರಗ ಹೋಗಬ್ಯಾಡ," ಎಂದೆ.

"ಗದ್ಲ ಏನೂ ಇಲ್ರಿ. ಜಿಂಕಿ ಬ್ಯಾಟಿ ದಿನಾ ಬಂದಾವ, ಬಂದೂಕಿನ ಗುರಿ ಸರಿ ಐತೇನಂತ ನೋಡಾಕತ್ತಾರ. ನಮ್ಮ ವಾರ್ಡಿನ ಡಾಕ್ಟರೂ ಅಲ್ಲೇ ಹೋಗ್ಯಾನ," ಎಂದು ನಗುತ್ತಾ ಅವಳು ಹೊರಟೇ ಹೋದಳು.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಊರು ಅಮೆರಿಕದ ಪೆನ್ಸಿಲ್ವೇನಿಯಾದ ಗುಡ್ಡಗಳ ನಡುವಿನ ಒಂದು ಸಣ್ಣ ಪೇಟೆ, ನಮ್ಮ ಕಡೆಯ ಕುಡಚಿ ಊರಿಗಿಂತ ಚಿಕ್ಕದು. ಶಾಂತವ್ವ ಮಿರಜದಲ್ಲಿ ನರ್ಸಿಂಗ್ ಕಲಿತವಳು. ಅಲ್ಲಿನ ಆಸ್ಪತ್ರೆಗಳಿಗೆ ಆಗ ನರ್ಸುಗಳು ಬೇಕಾಗಿದ್ದರು, ಅವಳಿಗೆ ನೌಕರಿ ಸಿಕ್ಕಿತು, ನಾನು ಹಿಂದೆ ಬಂದೆ. ನಾನು ರಾಯಬಾಗದ ಹತ್ತಿರದ ಪಾಲಬಾವಿಯವನು. ಎಮ್ಮೆ, ಆಡು ಕಾಯ್ದುಕೊಂಡಿದ್ದು ದೊಡ್ಡವನಾದ ಮೇಲೆ ಶಾಲೆಗೆ ಹೋದವನು. ಮೀಸೆ ಮೂಡಿದಾಗ ಇನ್ನೂ ಏಳನೆಯ ಇಯತ್ತೆಯಲ್ಲಿದ್ದೆ, ಇಂಗ್ಲಿಷು ಪುಸ್ತಕದಲ್ಲೇ ಉಳಿದಿತ್ತು. ಕೆಲಸದ ಪರವಾನಿಗೆ ಬಂದ ಮೇಲೆ ಫೀಡ್ ಸ್ಟೋರಿಗೆ ಸೇರಿದೆ. ದನದ ಹಿಂಡಿ, ಹೊಟ್ಟು, ಕೋಳಿಕಾಳು ಮಾರುವ ಅಂಗಡಿ ಅದು. ಚೀಲ ಹೊರುತ್ತಾ, ಚೀಲದ ಮೇಲಿನ ಅಕ್ಷರ ಓದುತ್ತಾ ನಾನು ಇಂಗ್ಲಿಷು ಕಲಿತೆ.

ಮನೆ ಒಂದು ಸಾಮಾನಿನ ಅಂಗಡಿಯ ಮಾಳಿಗೆ ಮೇಲೆ ಎರಡು ಕೋಣೆ. ಪೂರಾ ಕಟ್ಟಿಗೆಯದು, ನಡೆದರೆ ಕಿರ್ ಎನ್ನುತ್ತಿತ್ತು. ನಮ್ಮ ಕಡೆ ಮನೆಯ ಮುಂದೆ ಕಟ್ಟೆ ಇರುತ್ತದೆ. ಸುಮ್ಮನೆ ಕೂತರೆ ಸಾಕು, ಹೋಗುವವರು ಬರುವವರು "ಊಟಾತ?" ಎಂದು ಕೇಳಿಯೇ ಮುಂದೆ ಹೋಗುತ್ತಾರೆ. ಅಲ್ಲಿ ಹೊರಗೆ ಕೂರಲು ಜಾಗವೇ ಇರಲಿಲ್ಲ. ಒಮ್ಮೆ ಮೆಟ್ಟಿಲ ಮೇಲೆ ಕೂತಿದ್ದಾಗ ಹೆಣ್ಣುಮಗಳೊಬ್ಬಳು ಕಾರು ನಿಲ್ಲಿಸಿ, ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದಳು. ಶಾಂತವ್ವನಿಗೆ ರಾತ್ರಿಪಾಳಿ ಇದ್ದ ದಿನಗಳಲ್ಲಿ ಒಂದು ಕನ್ನಡ ಶಬ್ದವೂ ಕಿವಿಗೆ ಬೀಳದೆ ದಿನ ಮುಗಿಯುತ್ತಿತ್ತು. ಹೊಯ್ಲೆಬ್ಬಿಸಿ ಮಾತನಾಡುತ್ತಿದ್ದವನಿಗೆ ನನ್ನ ದನಿಯೇ ಮರೆತಂತೆ ಆಗುತ್ತಿತ್ತು.

ಊಟದ್ದೂ ಅದೇ ಕಥೆ. ಗೋವಿನಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋದೆವು, ಅಂಚಿನಿಂದ ಹರಿದುಹೋಯಿತು. ಬಿಳಿಜೋಳ ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಸ್ಟೋರಿನಲ್ಲಿ ಹಕ್ಕಿಕಾಳಿನ ಚೀಲ ಹರಿದು ಕಾಳು ನೆಲಕ್ಕೆ ಸುರಿಯಿತು. ಗುಡಿಸಲು ಬಗ್ಗಿದರೆ ನಮ್ಮ ಜೋಳವೇ. ಸ್ವಲ್ಪ ಕೆಂಪು, ಆದರೆ ಜೋಳವೇ. ಅಲ್ಲಿ ಅದಕ್ಕೆ ಮೈಲೋ ಎನ್ನುತ್ತಾರೆ. ಅದನ್ನು ಮನೆಗೆ ತಂದು ಕಾಫಿಬೀಜ ಬೀಸುವ ಯಂತ್ರದಲ್ಲಿ ಬೀಸಿ, ಬಿಸಿನೀರು ಹಾಕಿ ನಾದಿ ಬಡಿದೆವು. ರೊಟ್ಟಿ ಉಬ್ಬಿತು. ಶಾಂತವ್ವ ಒಲೆಯ ಮುಂದೆ ನಿಂತುಕೊಂಡೇ ಅತ್ತಳು. ಮರುದಿನ ಬುತ್ತಿ ಬಿಚ್ಚಿದಾಗ ಡೇಲ್ ನೋಡಿಬಿಟ್ಟ.

ಡೇಲ್ ಅಂದರೆ ನನ್ನ ಜೊತೆ ಚೀಲ ಹೊರುತ್ತಿದ್ದವನು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಹಿರಿಯ. ಊರ ಹೊರಗೆ ಒಂದಿಷ್ಟು ಹೊಲ, ಹತ್ತು ಹನ್ನೆರಡು ಆಕಳು ಇಟ್ಟುಕೊಂಡಿದ್ದ. ಅವನು ಆಡಿದ್ದು ಇಂಗ್ಲಿಷಿನಲ್ಲಿ, ಆದರೆ ನನ್ನ ತಲೆಯಲ್ಲಿ ಅದು ಪಾಲಬಾವಿ ಮಾತಾಗಿ ಉಳಿದಿದೆ, ಹಾಗೇ ಬರೆಯುತ್ತೇನೆ.

"ಲೇ ದೋಸ್ತ, ಹಕ್ಕಿಕಾಳು ತಿನ್ನಾಕತ್ತಿ? ನಾಳೆ ಹಾರಿ ಹೋಗ್ಬಿಟ್ಟಿ, ನನ್ನ ಚೀಲ ಯಾರ ಹೊರಬೇಕು?" ಎಂದ. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಅಗಿದ, ಅಗಿದ, "ನನ್ನ ಆಕಳಿಗೆ ಇದು ಸೇರ್ತೈತಿ," ಎಂದ. ಅಂದಿನಿಂದ ನಾವಿಬ್ಬರೂ ಗೆಳೆಯರು. ಆ ಊರಲ್ಲಿ ನನಗೆ ಇದ್ದದ್ದು ಅವನೊಬ್ಬನೇ.

ಮುಂದಿನ ವರ್ಷ ದಸರಾ ಹತ್ತಿರ ಬಂದಾಗ ತಮ್ಮ ಮಾರುತಿ ರಾಯಬಾಗದ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದ. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ಮಾರುತಿಯ ಮಾತು ಅಪ್ಪನ ಬಂದೂಕಿನದು.

"ಅಣ್ಣಾ, ಇಲೆಕ್ಷನ್ನಿಗೆ ಠಾಣೆಗೆ ಕೊಟ್ಟದ್ದು ಅಲ್ಲೇ ಐತಿ. ಅಪ್ಪನ ಹೆಸರಿಗೆ ಇನ್ನ ಕೊಡೂದಿಲ್ಲಂತ. ವಾರಸದಾರ ಬಂದು ಚಿಕ್ಕೋಡಿ ಕಚೇರಿ ಮುಂದ ನಿಂದ್ರಬೇಕಂತ. ಇಲ್ಲಂದ್ರ ಸರ್ಕಾರಕ್ಕ ಜಮಾ."

"ನೀನ ಹೋಗಿ ನಿಂದ್ರು."

"ಹಿರಿಮಗನ ಹೆಸರಿಗೆ ಆಗಬೇಕಂತ ಅಪ್ಪ ಹೇಳ್ಯಾನ. ನೀ ಯಾವಾಗ ಬರ್ತಿ ಅದನ್ನ ಹೇಳು."

ಒಂದೆರಡು ವಾರದಲ್ಲಿ ಹೇಳುತ್ತೇನೆ ಎಂದು ಫೋನು ಇಟ್ಟೆ. ಅವನು ಕೇಳಿದ್ದು ಬಂದೂಕಿನ ಬಗ್ಗೆ ಅಷ್ಟೇ ಅಲ್ಲ ಎಂದು ನನಗೆ ಗೊತ್ತಿತ್ತು. ಹೆಸರು ಅಲ್ಲಿ ಬರೆಸಿಕೊಂಡವನು ಅಲ್ಲಿ ಇರಬೇಕಾಗುತ್ತದೆ.

ಅದು ಕೇಪಿನ ಬಂದೂಕು. ನಳಿಗೆಯ ಬಾಯಿಂದ ಮದ್ದು ಹಾಕಿ, ಮೇಲೆ ಚಿಂದಿ ತುರುಕಿ, ಕಬ್ಬಿಣದ ಗಜದಿಂದ ಬಡಿದು ಗಟ್ಟಿ ಮಾಡಿ, ಹಿಂದೆ ಕಿಡಿ ಹೊತ್ತಿಸುವ ಕೇಪು ಇಟ್ಟು ಹಾರಿಸುವುದು. ಕಬ್ಬಿಗೆ, ಗೋವಿನಜೋಳಕ್ಕೆ ಕಾಡುಹಂದಿ ಬೀಳುತ್ತವೆಂದು ಬೆಳೆ ಕಾಯಲು ಅಪ್ಪನಿಗೆ ಪರವಾನಿಗೆ ಕೊಟ್ಟಿದ್ದರು. ಹೊತ್ತು ಮುಳುಗುವಾಗ ಅವನು ಹೊಲದ ನಡುವಿನ ಅಟ್ಟ ಏರಿ ನಿಂತು, ಹಿಡಿಯನ್ನು ಸೊಂಟಕ್ಕೆ ಆನಿಸಿ, ನಳಿಗೆ ನೆಟ್ಟಗೆ ಮೇಲೆ ಮಾಡಿ ಒಂದು ಹಾರಿಸುತ್ತಿದ್ದ. ಅದರಲ್ಲಿ ಸೀಸ ಇರುತ್ತಿರಲಿಲ್ಲ. ಬರೀ ಸಪ್ಪಳ, ಹೊಗೆ. ಆ ಸಪ್ಪಳಕ್ಕೆ ಹಂದಿ ಹಳ್ಳದ ಆಚೆ ಓಡುತ್ತಿದ್ದವು. ಊರಲ್ಲಿ ಅವ್ವ ಅದನ್ನು ಕೇಳಿಯೇ ಒಲೆ ಮೇಲೆ ಹಂಚು ಇಡುತ್ತಿದ್ದಳು, ಇನ್ನು ಅಪ್ಪ ಬರುತ್ತಾನೆ ಎಂದು. ನನ್ನ ಕೈಗೆ ಬಂದೂಕು ಕೊಟ್ಟ ದಿನ ಅವನು ಹೇಳಿಕೊಟ್ಟದ್ದು ಒಂದೇ: "ಬಾಯಿ ಮ್ಯಾಲಕ್ಕ ಇರ್ಲಿ. ಜೀವದ ಕಡೆ ಎಂದೂ ತಿರುವಬ್ಯಾಡ." ದಸರಾದ ಖಂಡೆನವಮಿಗೆ ಕುಡಗೋಲು, ಕೊಡಲಿಗಳ ಜೊತೆ ಅದನ್ನೂ ತೊಳೆದು ವಿಭೂತಿ ಬಳಿದು ಚೆಂಡುಹೂ ಏರಿಸುತ್ತಿದ್ದೆವು.

ಈ ಬಂದೂಕಿನ ಸುದ್ದಿಯನ್ನು ಡೇಲ್‌ಗೆ ಹೇಳಿದ್ದೆ. ನನಗೆ ಬಂದೂಕು ಗೊತ್ತು ಎಂದಷ್ಟೇ ಅವನಿಗೆ ಅರ್ಥವಾಗಿತ್ತು. "ಹಂಗಾದ್ರ ಐತವಾರ ರೇಂಜಿಗೆ ಬಾ, ಅಲ್ಲಿ ಎಲ್ಲಾ ನೋಡ್ಕೊಳ್ಳೂ ಹಿರಿಯಗ ಹೇಳಿರ್ತೀನಿ. ಈ ಸಲ ಬ್ಯಾಟಿಗೂ ನನ್ನ ಕೂಡ ಬರಬೇಕು," ಎಂದ.

ರೇಂಜು ಎಂದರೆ ಗುಡ್ಡದ ಬುಡದಲ್ಲಿ ಉದ್ದಕ್ಕೆ ಹುಲ್ಲು ಕತ್ತರಿಸಿದ ಬಯಲು. ಈ ತುದಿಗೆ ತಗಡಿನ ಚಪ್ಪರ, ಕೆಳಗೆ ಸಿಮೆಂಟಿನ ಮೇಜುಗಳು. ಆ ತುದಿಗೆ ಎತ್ತರದ ಮಣ್ಣಿನ ಒಡ್ಡು, ಒಡ್ಡಿನ ಮುಂದೆ ವರ್ತುಲ ಬರೆದ ಕಾಗದಗಳು. ಅಲ್ಲಿ ನಡೆಯುವುದಕ್ಕೆ ಸೈಟ್ ಇನ್ ಎನ್ನುತ್ತಾರೆ. ವರ್ಷವಿಡೀ ಮೂಲೆಯಲ್ಲಿ ನಿಂತ ಬಂದೂಕು ಒಂದು ಕಡೆ ನೋಡಿ ಇನ್ನೊಂದು ಕಡೆ ಹೊಡೆಯುವಂತಾಗಿರುತ್ತದೆ. ಅದನ್ನು ಮರಳಿನ ಚೀಲದ ಮೇಲಿಟ್ಟು, ಉಸಿರು ಹಿಡಿದು ಮೂರು ಗುಂಡು ಹೊಡೆಯುವುದು. ಮೂರೂ ಚುಕ್ಕಿಯಿಂದ ಎಡಕ್ಕೆ ಬಿದ್ದಿದ್ದರೆ ಮೇಲಿನ ದುರ್ಬೀನಿನ ಸಣ್ಣ ತಿರುಪನ್ನು ಟಿಕ್ ಟಿಕ್ ಎಂದು ತಿರುಗಿಸಿ ಮತ್ತೆ ಮೂರು. ಜಿಂಕೆ ಬಿದ್ದರೆ ಒಂದೇ ಏಟಿಗೆ ಬೀಳಬೇಕು, ಗಾಯವಾಗಿ ಓಡಿ ಎಲ್ಲೋ ನರಳಬಾರದು. ಅದು ಅವರ ಧರ್ಮ. ನಮ್ಮಲ್ಲಿ ಇಲೆಕ್ಷನ್ ಬಂದರೆ ಎಲ್ಲರೂ ಬಂದೂಕು ಒಯ್ದು ಠಾಣೆಗೆ ಇಡುತ್ತೇವೆ. ಅಲ್ಲಿ ಬೇಟೆಯ ದಿನ ಬಂದರೆ ಮಾಸ್ತರರು, ನರ್ಸುಗಳು, ಇಗರ್ಜಿಯ ಪಾದ್ರಿ ಎಲ್ಲರೂ ಹೊರಗೆ ತೆಗೆಯುತ್ತಾರೆ. ಮೊದಲ ದಿನ ಶಾಲೆಗೂ ಸೂಟಿ.

ರೇಂಜಿನ ಹಿರಿಯ ಬೆಳ್ಳಗಿನ ಮೀಸೆಯ ಮುದುಕ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಇಂವಗ ಬಂದೂಕು ಗೊತ್ತೈತಿ?" ಎಂದು ಡೇಲ್‌ನನ್ನು ಕೇಳಿದ.

"ಅವರಪ್ಪನ ಕಾಲದಿಂದ ಐತಿ. ಜವಾಬ್ದಾರಿ ನಂದು," ಎಂದ ಡೇಲ್.

ಡೇಲ್ ತನ್ನ ಬಂದೂಕಿಗೆ ತೋಟಾ ತುಂಬಿ ನನ್ನ ಮುಂದಿನ ಚೀಲದ ಮೇಲಿಟ್ಟ. ಕಿವಿಗೆ ಮುಚ್ಚಳ ಹಾಕಿಕೊಳ್ಳಲು ಆ ಕಡೆ ತಿರುಗಿದ. ಹಿರಿಯ ಇನ್ನು ಹೊಡೆಯಿರಿ ಎಂದು ಕೂಗಿದ. ಸಾಲಾಗಿ ಗುಂಡು ಹಾರಿದವು. ಮದ್ದಿನ ವಾಸನೆ ಬಂತು. ಎಷ್ಟು ವರ್ಷಗಳ ಮೇಲೆ ಆ ವಾಸನೆ! ನಾನು ಬಂದೂಕು ಎತ್ತಿಕೊಂಡು ಎದ್ದು ಚಪ್ಪರದ ಅಂಚಿನಿಂದ ಹೊರಗೆ ಬಂದು ನಿಂತೆ, ಹಿಡಿಯನ್ನು ಸೊಂಟಕ್ಕೆ ಆನಿಸಿದೆ, ಬಾಯಿ ಮೇಲೆ ಮಾಡಿ ಹಾರಿಸಿದೆ.

ಚಪ್ಪರದ ಅಡಿ ಎಲ್ಲವೂ ನಿಂತಿತು. ಹಿರಿಯ ನಿಲ್ಲಿಸಿ ಎಂದು ಕೂಗಿದ್ದು ಆಮೇಲೆ, ಅದಕ್ಕೂ ಮೊದಲೇ ಎಲ್ಲರೂ ಮೇಜಿನಿಂದ ಕೈ ತೆಗೆದಿದ್ದರು. ಅವನು ಬಂದು ನನ್ನ ಕೈಯಿಂದ ಬಂದೂಕು ತೆಗೆದುಕೊಂಡು ಖಾಲಿ ಮಾಡಿ ಮೇಜಿನ ಮೇಲಿಟ್ಟ. ದನಿ ಏರಿಸಲಿಲ್ಲ.

"ಆ ಗುಂಡು ಎಲ್ಲಿ ಬೀಳ್ತೈತಿ ಹೇಳು."

ನಾನು ಗುಡ್ಡದ ಕಡೆ ನೋಡಿದೆ. ಗುಡ್ಡದ ಆಚೆ ಮನೆಗಳಿದ್ದವು. ನಮ್ಮ ಬಂದೂಕಿನಿಂದ ಕೆಳಗೆ ಬೀಳುವಂಥದ್ದು ಏನೂ ಹೋಗುತ್ತಿರಲಿಲ್ಲ. ಇದರಿಂದ ಹೋಗಿತ್ತು.

"ಈ ವರ್ಷ ನೀ ಇಲ್ಲಿ ಬರಬ್ಯಾಡ. ಬ್ಯಾಟಿಗೂ ಬ್ಯಾಡ," ಎಂದ. ಡೇಲ್‌ನ ಕಡೆ ತಿರುಗಿ ಏನೂ ಹೇಳಲಿಲ್ಲ. ಅದೇ ಡೇಲ್‌ಗೆ ಹೆಚ್ಚು ನಾಟಿತು. ಮೂಗಿನ ತುದಿಯವರೆಗೆ ಕೆಂಪಾಗಿದ್ದ.

ಹಿರಿಯ ಅಲ್ಲಿಂದಲೇ ಪೊಲೀಸರಿಗೂ ಆಚೆಯ ಮನೆಗಳಿಗೂ ಫೋನು ಮಾಡಿಸಿದ. ಯಾರಿಗೂ ಏನೂ ಆಗಿಲ್ಲ ಎಂದು ತಿಳಿಯುವವರೆಗೆ ನಾನು ಹುಲ್ಲಿನ ಮೇಲೆ ಕೂತಿದ್ದೆ. ವಾಪಸು ಬರುವಾಗ ಡೇಲ್ ಗಾಡಿಯನ್ನು ತನ್ನ ಹೊಲದ ಹತ್ತಿರ ನಿಲ್ಲಿಸಿದ. ಜಿಂಕೆ ಬರಲೆಂದು ಕಟಾವು ಮಾಡದೆ ಬಿಟ್ಟ ಗೋವಿನಜೋಳದ ಒಂದು ಪಟ್ಟಿ ಒಣಗಿ ನಿಂತಿತ್ತು.

"ಈಗ ಹೇಳು. ಹಿಂಗ್ಯಾಕ ಮಾಡಿದಿ?"

ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅಟ್ಟ, ಚಿಂದಿ, ಹಂದಿ, ಅಪ್ಪ. ಅವನು ಸ್ಟೇರಿಂಗಿನ ಮೇಲೆ ಗದ್ದ ಊರಿ ಕೇಳಿದ.

"ಅಂದ್ರ ನಿಮ್ಮಪ್ಪ ಬದುಕಿರೂತನ ಬಂದೂಕು ಹಿಡಿದಾನ, ಏನೂ ಹೊಡದಿಲ್ಲ?"

"ಒಂದು ಮೊಲಾ ಸುದ್ದಾ ಹೊಡದಿಲ್ಲ."

"ಮತ್ತ ಬೆಳಿ ಉಳೀತೇನ?"

"ಉಳೀತು."

ಅವನು ಹೊಲದ ಕಡೆ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಸುರುಮಾಡಿದ. "ನಿಮ್ಮಪ್ಪ ಇಲ್ಲಿ ಬಂದಿದ್ರ ನನ್ನ ಜಿಂಕಿ ಎಲ್ಲಾ ಕೆನಡಾಕ್ಕ ಓಡ್ತಿದ್ವು," ಎಂದ. ನಾನೂ ನಕ್ಕೆ. ನಗುತ್ತಾ ನನಗೆ ಅಳು ಬಂತು. ಅವನು ನೋಡದವನಂತೆ ಗಾಡಿ ಚಾಲೂ ಮಾಡಿದ.

ಊರಿಗೆ ಮರಳಿ ಅಟ್ಟ ಏರುತ್ತೇನೆ ಎಂದು ಅದುವರೆಗೆ ಮನಸ್ಸಿನಲ್ಲಿ ಇಟ್ಟುಕೊಂಡೇ ಇದ್ದೆ. ಹೇಳಲು ಧೈರ್ಯವಿಲ್ಲದೆ ಮಾರುತಿಯನ್ನು ಕಾಯಿಸುತ್ತಿದ್ದೆ. ಕೈ ಇನ್ನೂ ಅಲ್ಲಿಯದೇ, ಅದು ಆ ದಿನ ಎಲ್ಲರ ಮುಂದೆ ಗೊತ್ತಾಯಿತು. ಆದರೆ ಶಾಂತವ್ವನ ನೌಕರಿ ಇಲ್ಲಿ. ಅವಳ ಹೊಟ್ಟೆಯಲ್ಲಿದ್ದ ಕೂಸೂ ಇಲ್ಲೇ ಹುಟ್ಟುವುದಿತ್ತು. ಹಂದಿ ನನ್ನ ಸಲುವಾಗಿ ಕಾಯುವುದಿಲ್ಲ. ಮುಂದಿನ ಫೋನಿನಲ್ಲಿ ಹೇಳಿಬಿಟ್ಟೆ.

"ನಿನ್ನ ಹೆಸರಿಗೆ ಮಾಡಿಸ್ಕೋ ಮಾರುತಿ. ನನ್ನ ಒಪ್ಪಿಗಿ ಬರದು ಕಳಸ್ತೀನಿ."

"ಅಂದ್ರ ನೀ ಬರೂದಿಲ್ಲ," ಎಂದ.

"ಬರ್ತೀನಿ. ಬಂದು ಹೋಗ್ತೀನಿ," ಎಂದೆ. ಆ ಎರಡು ಮಾತು ಕೂಡಿಸಿ ಹೇಳಿದ್ದು ಅದೇ ಮೊದಲು.

ಮರುವರ್ಷ ಹಿರಿಯ ನನ್ನನ್ನು ಮತ್ತೆ ಒಳಗೆ ಬಿಟ್ಟ. ತಾನೇ ಪಕ್ಕಕ್ಕೆ ನಿಂತು, ನಳಿಗೆ ಚೀಲದಿಂದ ಏಳದಂತೆ ನೋಡಿಕೊಂಡ. ಮೂರು ಗುಂಡು ಹೊಡೆದೆ. ಡೇಲ್ ಟಿಕ್ ಟಿಕ್ ತಿರುಗಿಸಿದ, ಹೊಸ ಕಾಗದ ಹಚ್ಚಿ ಬಂದ. ಮತ್ತೆ ಮೂರು. ಮೂರೂ ನಡುವಿನ ಚುಕ್ಕಿಯಲ್ಲಿ, ಒಂದು ರೂಪಾಯಿ ನಾಣ್ಯ ಮುಚ್ಚುವಷ್ಟರೊಳಗೆ. ಹಿರಿಯ ಕಾಗದ ಕಿತ್ತು ತಂದು ನನ್ನ ಕೈಗೆ ಕೊಟ್ಟು ಬೆನ್ನು ತಟ್ಟಿದ. ಅಲ್ಲಿದ್ದ ಎಲ್ಲರೂ ಬಂದು ನೋಡಿದರು. ಆ ಊರಲ್ಲಿ ನನ್ನ ಹೆಸರು ಸರಿಯಾಗಿ ಹೇಳಲು ಜನ ಕಲಿತದ್ದು ಆ ದಿನವೇ.

ಆ ಸಂಜೆ ಕಾಗದ ಕೈಯಲ್ಲಿ ಹಿಡಿದುಕೊಂಡೇ, ಮಾರುತಿಗೆ ಮೊದಲೇ ಹೇಳಿಟ್ಟ ಹೊತ್ತಿಗೆ ರಾಯಬಾಗದ ಬೂತಿಗೆ ಫೋನು ಹಚ್ಚಿದೆ. ಅಲ್ಲಿ ಬೆಳಗಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಾರುತಿ ಹೇಳಿದ:

"ಅಣ್ಣಾ, ಬಂದೂಕು ಮನಿಗೆ ಬಂತು. ಖಂಡೆನವಮಿಗೆ ಪೂಜಿ ಮಾಡಿದ್ವಿ. ನಿನ್ನೆ ಸಂಜಿಮುಂದ ಹೊಲದಾಗ ನಾನ ಒಂದ ಹಾರಿಸಿದ್ನಿ."

"ಅವ್ವಗ ಕೇಳಿಸ್ತ?"

"ಕೇಳಿಸ್ತಂತ. ಹಂಚು ಇಟ್ಟ ಕುಂತಿದ್ಲು."

"ಯಾವ ಕಡೆ ಹಾರಿಸಿದಿ?"

"ಇದೇನ ಕೇಳ್ತಿ? ಮ್ಯಾಲಕ್ಕ," ಎಂದ ಮಾರುತಿ. "ಮತ್ಯಾವ ಕಡೆ ಹಾರಿಸ್ತಾರ?"

ಹೌದು ಎಂದೆ. ಮಳೆ ಹೇಗಿದೆ, ಎಮ್ಮೆ ಈದಿತೇ ಎಂದು ಕೇಳಿದೆ. ನೆಟ್ಟಗೆ ಮುಂದಕ್ಕೆ ಹೊಡೆದ ಆ ಕಾಗದದ ಸುದ್ದಿ ಹೇಳಲಿಲ್ಲ. ಮಾತಾಡುತ್ತಾ ಅದನ್ನು ಮಡಚಿದ್ದೆ, ಮೂರು ತೂತುಗಳು ಒಳಗೆ ಮುಚ್ಚಿಹೋಗುವಂತೆ, ಮತ್ತೆ ಬಿಚ್ಚಿ ಮತ್ತೆ ಮಡಚಿದ್ದೆ.