ಗಂಧಕದ ವಾಸನೆ ಬಂತಾ?

ಲಿಂಗಸುಗೂರು ಬಿಟ್ಟಾಗ ಬೆಳಗಿನ ಏಳು ಗಂಟೆ. ಚಳಿಗೆ ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಪಡೆದೆ. ನನ್ನ ಚೀಲ ಕಂಡಕ್ಟರನ ಕಾಲಿಗೆ ತಾಗಿತು.

“ಏನ್ರೀ ಅಕ್ಕಾರ, ಕಲ್ಲು ತುಂಬೀರೇನು?”

“ಔಷಧ,” ಎಂದೆ. ಸುಳ್ಳೇನಲ್ಲ, ಯಂತ್ರದ ಔಷಧ.

ಸಿಂಧನೂರಿನ ಸಣ್ಣ ಹೆರಿಗೆ ಆಸ್ಪತ್ರೆಯೊಂದರಲ್ಲಿ ನಾನೇ ಕೂಡಿಸಿದ ಯಂತ್ರವಿದೆ. ಅಡುಗೆ ಅನಿಲವನ್ನು ಹಬೆಯೊಂದಿಗೆ ಕಾದ ನಿಕ್ಕಲ್ ಗುಂಡುಗಳ ಮೇಲೆ ಹಾಯಿಸಿದರೆ ಜಲಜನಕ ಹುಟ್ಟುತ್ತದೆ, ಅದರಿಂದ ಕರೆಂಟು. ಆದರೆ ಸೋರಿದರೆ ಗೊತ್ತಾಗಲೆಂದು ಆ ಅನಿಲಕ್ಕೆ ಬೆರೆಸುವ ನಾತದಲ್ಲಿ ಗಂಧಕವಿರುತ್ತದೆ. ನಿಕ್ಕಲ್‌ಗೆ ಅದು ವಿಷ; ಚೂರು ಅಂಟಿದರೂ ಸಾಕು, ಗುಂಡುಗಳು ಕೆಲಸ ಬಿಡುತ್ತವೆ. ಗಂಧಕವನ್ನು ಮೊದಲೇ ಹೀರಿಕೊಳ್ಳಲೆಂದು ಸತುವಿನ ಭಸ್ಮದ ಕಾಳು ತುಂಬಿದ ಡಬ್ಬಿ ಜೋಡಿಸಿದ್ದೆ. ಚೀಲದಲ್ಲಿದ್ದದ್ದು ಹೊಸ ಕಾಳು.

ನಸುಕಿನಲ್ಲಿ ಯಂತ್ರ ನೋಡಿಕೊಳ್ಳುವ ಅಮರೇಶಣ್ಣನ ಫೋನ್ ಬಂದಿತ್ತು. “ಮೇಡಂ, ಮಷೀನಿನ ಕರೆಂಟ್ ದಿನಾ ಕಡಿಮಿ ಆಗಾಕತ್ತೈತ್ರೀ. ಹತ್ತಕ್ಕ ಊರಿನ ಲೈನ್ ತೆಗೀತಾರಂತ. ಜನರೇಟರ್ ರಿಪೇರಿಗೆ ಹೋಗೈತಿ. ದಿನಾ ತುಂಬದ ಕೂಸೊಂದು ಕಾವಿನ ಪೆಟಗ್ಯಾಗ ಐತ್ರೀ.”

“ಡಬ್ಬಿಯ ನಲ್ಲಿಯಲ್ಲಿ ಗಂಧಕದ ವಾಸನೆ ಬಂತಾ?”

“ಒಂದಿನಾನೂ ಬಂದಿಲ್ರೀ. ದಿನಾ ಮೂಸಿ ನೋಡೀನಿ.”

ಹಾಗಾದರೆ ಡಬ್ಬಿಯ ಕಾಳು ಇನ್ನೂ ಸರಿಯಿದೆ; ಕೆಟ್ಟದ್ದೇನು? ಯಾವುದಕ್ಕೂ ಇರಲೆಂದು ಹೊಸ ಕಾಳು ಹೊತ್ತು ಹೊರಟಿದ್ದೆ. ಎಂಟಕ್ಕೆ ಮಸ್ಕಿ. ಬಸ್ಸು ಹದಿನೈದು ನಿಮಿಷ ನಿಂತಿತು. ಮಂಡಕ್ಕಿ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡೆ, ಬಿಚ್ಚದೆ ತೊಡೆಯ ಮೇಲೇ ಇಟ್ಟುಕೊಂಡೆ. ಮುಂದೆ ಭತ್ತದ ಟ್ರ್ಯಾಕ್ಟರುಗಳ ಸಾಲು. ಡ್ರೈವರ್ ಹಾರ್ನ್ ಬಾರಿಸಿದಾಗಲೆಲ್ಲ ಗಡಿಯಾರ ನೋಡಿಕೊಂಡೆ. ಅಯ್ಯೋ ಶಿವನೇ, ಹತ್ತರೊಳಗೆ ಮುಟ್ಟಿಸಪ್ಪಾ ಎಂದು ಬಾಯಿಬಿಟ್ಟೇ ಅಂದೆ.

ಸಿಂಧನೂರು ತಲುಪಿದಾಗ ಒಂಬತ್ತೂವರೆ. ಯಂತ್ರದ ಕೋಣೆಯ ಬಾಗಿಲಿಗೆ ಅಮರೇಶಣ್ಣನ ಕೈಬರಹದ ಚೀಟಿ ಅಂಟಿತ್ತು: “ಗಂಧ, ಊದಿನಕಡ್ಡಿ ಒಳಗೆ ತರಬಾರದು.” ಡಬ್ಬಿಯ ಆಚೆಯ ನಲ್ಲಿಯನ್ನು ಕೊಂಚ ತಿರುಗಿಸಿದೆ. ಕೊಳೆತ ಉಳ್ಳಾಗಡ್ಡಿಯ ನಾತ ಮುಖಕ್ಕೆ ಹೊಡೆಯಿತು.

“ಇದು ಎಷ್ಟು ದಿನದಿಂದ?”

“ಹದಿನೈದು ದಿನ ಆತ್ರೀ. ಗ್ಯಾಸ್ ಅಂದಮ್ಯಾಲ ನಾರೂದ ಅಲ್ರೀ?” ಅಮರೇಶಣ್ಣನ ದನಿಯಲ್ಲಿ ಹೆಮ್ಮೆಯಿತ್ತು. “ಗಂಧದ ವಾಸನಿ ಮಾತ್ರ ಬರಗೊಟ್ಟಿಲ್ರೀ. ಪೂಜಾಕ್ಕೂ ಮಷೀನಿಗೆ ಬರೇ ವಿಭೂತಿ ಹಚ್ಚೀನಿ.”

ಗಂಧಕವನ್ನು ಅವನು ಗಂಧ ಎಂದುಕೊಂಡಿದ್ದ. “ಗಂಧಕದ ವಾಸನೆ ಬಂದರೆ ಫೋನ್ ಮಾಡಿ” ಎಂದು ಬರೆದುಕೊಟ್ಟವಳು ನಾನೇ. ಅದು ಹೇಗಿರುತ್ತದೆಂದು ಒಮ್ಮೆಯೂ ಮೂಸಿಸಿರಲಿಲ್ಲ. ಚೀಲ ಬಿಚ್ಚಿ ಹೊಸ ಕಾಳು ಹೊರತೆಗೆದೆ.

ಯಂತ್ರದಲ್ಲಿ ಉಳಿದಿದ್ದ ಚೂರು ಕರೆಂಟು ಕಾವಿನ ಪೆಟ್ಟಿಗೆಗೆ ಸಾಲದು; ಕಾಳು ಬದಲಿಸಲು ಯಂತ್ರ ನಿಲ್ಲಿಸಲೇಬೇಕು. ಹತ್ತಕ್ಕೆ ಊರಿನ ಕರೆಂಟೂ ಹೋಯಿತು. ನರ್ಸ್ ಕೂಸನ್ನು ತಾಯಿಯ ಎದೆಗೆ ಹಚ್ಚಿ ಮೇಲೆ ಮೂರು ಕಂಬಳಿ ಹೊದಿಸಿದಳು. “ಜಲ್ದಿ ಮಾಡ್ರೀ, ಕೂಸಿನ ಕಾಲು ತಣ್ಣಗ ಆಗಾಕತ್ತಾವು,” ಎಂದು ಆ ತಾಯಿ ಗೋಡೆಯಾಚೆಯಿಂದ ಅನ್ನುತ್ತಲೇ ಇದ್ದಳು. ಅವಸರಕ್ಕೆ ಎರಡು ಸಲ ಪಾನಾ ಕೈಜಾರಿ ಬಿತ್ತು.

ಹೊಸ ಕಾಳು ತುಂಬಿ, ನಿಕ್ಕಲ್ ಕಾಯಿಸಿ, ಅಂಟಿದ ಗಂಧಕ ಬಿಡಲೆಂದು ಬರೀ ಹಬೆ ಹಾಯಿಸಿದೆವು. ಅನಿಲ ಬಿಟ್ಟಾಗ ಮಧ್ಯಾಹ್ನ ಒಂದು ಗಂಟೆ. ಮೀಟರಿನ ಮುಳ್ಳು ಅರ್ಧಕ್ಕೆ ಏರಿ ನಿಂತಿತು. ಮಿಕ್ಕ ಅರ್ಧ ಬಹುಶಃ ಮರಳಿ ಬಾರದು. ಒಂದು ಪೆಟ್ಟಿಗೆಗೆ ಅಷ್ಟು ಸಾಕಿತ್ತು. ಕೂಸು ಕಾವಿಗೆ ಮರಳಿತು.

ಹೊರಡುವ ಮುಂಚೆ ಬಾಗಿಲಿನ ಚೀಟಿ ಹರಿದು, ಬೇರೊಂದರಲ್ಲಿ “ಕೊಳೆತ ಉಳ್ಳಾಗಡ್ಡಿ ನಾತ ಬಂದರೆ ಫೋನ್ ಮಾಡಿ” ಎಂದು ಬರೆದೆ. ಅಮರೇಶಣ್ಣ ಅದನ್ನು ಮೂರು ಸಲ ಓದಿ, “ಹಿಂಗ ಮೊದಲ ಅನಬಾರದೇನ್ರೀ?” ಎಂದ.

ಮರಳುವಾಗ ಮಸ್ಕಿಯಲ್ಲಿ ಅಜ್ಜಿಯೊಬ್ಬಳು ಹತ್ತಿ ಪಕ್ಕದಲ್ಲಿ ಕೂತಳು. ಗುಡಿಗೆ ಹೋಗಿಬಂದಿರಬೇಕು, ಹಣೆಯ ಮೇಲೆ ಹಸಿ ಗಂಧ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಆಸ್ಪತ್ರೆಗೆ ಫೋನ್ ಹಚ್ಚಿದೆ.

“ಕೂಸಿನ ಕಾಲು ಬೆಚ್ಚಗಿವೆಯಾ?”